ಹಳೆಯ ಪಿಕಪ್ ವಾಹನ: ಮೊದಲು ದೋಷ ಪತ್ತೆ, ನಂತರ ದುರಸ್ತಿ

ಚಂದ್ರಬಂಡ ಹೋಬಳಿಯ ಹಳ್ಳಿಗಳಿಂದ ರಾಯಚೂರಿನ ರಾಜೇಂದ್ರ ಗಂಜಿಗೆ ಬರುವ ಹತ್ತಿ, ಮಾನ್ವಿಯ ಅಕ್ಕಿ ಗಿರಣಿಗಳಿಗೆ ಹೋಗುವ ಭತ್ತ, ದೇವದುರ್ಗದ ಅಂಗಡಿಗಳಿಗೆ ತಲುಪುವ ಗೊಬ್ಬರ ಮತ್ತು ಸಿಮೆಂಟು, ಇವುಗಳ ಸಾಗಣೆಯಲ್ಲಿ ಸಣ್ಣ ಪಿಕಪ್ ವಾಹನಗಳ ಪಾಲು ದೊಡ್ಡದು. ಟಾಟಾ 207, ಮಹೀಂದ್ರ ಬೊಲೆರೊ ಪಿಕಪ್, 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದ ವಾಹನಗಳು ಹತ್ತು ಹನ್ನೆರಡು ವರ್ಷ ದುಡಿದ ನಂತರವೂ ಎರಡನೆಯ ಅಥವಾ ಮೂರನೆಯ ಮಾಲೀಕರ ಕೈಯಲ್ಲಿ ದುಡಿಯುತ್ತಲೇ ಇವೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡ ಜಾರಿಗೆ ಬಂದ ಮೇಲೆ ಹೊಸ ವಾಹನಗಳ ಬೆಲೆ ಏರಿದ್ದು, ಹಳೆಯದನ್ನೇ ಉಳಿಸಿಕೊಳ್ಳುವ ಪ್ರವೃತ್ತಿಗೆ ಇನ್ನೊಂದು ಕಾರಣ.

ಹಳೆಯ ವಾಹನವನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಅನೇಕ ವೇಳೆ ಅದೇ ಲಾಭದಾಯಕ. ಆದರೆ ಅದರ ದುರಸ್ತಿಗೆ ಹಣ ತೆರುವ ಕ್ರಮದಲ್ಲಿ ವರ್ತಕರು ತಮ್ಮ ಅಂಗಡಿಯ ಲೆಕ್ಕದಲ್ಲಿ ಎಂದೂ ಮಾಡದ ತಪ್ಪನ್ನು ಮಾಡುತ್ತಾರೆ. ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸದ ಮೊತ್ತವನ್ನು ಅನಾಮತು ಖಾತೆಗೆ ಹಾಕಿ ಕೈತೊಳೆದುಕೊಂಡರೆ ತಪ್ಪು ಸರಿಹೋಗುವುದಿಲ್ಲ; ಅದು ಪುಸ್ತಕದಲ್ಲಿಯೇ ಅಡಗಿರುತ್ತದೆ. ಕಾರಣ ಹುಡುಕದೆ ಬಿಡಿಭಾಗ ಬದಲಿಸುವುದೂ ಹಾಗೆಯೇ. ಬಿಲ್ಲು ಸಂದಾಯವಾಗುತ್ತದೆ, ದೋಷ ಉಳಿಯುತ್ತದೆ.

ಒಂದು ಉದಾಹರಣೆ

ಚಂದ್ರಬಂಡದ 'ಅ' ಎಂಬ ಹತ್ತಿ ವರ್ತಕರು ಹಳೆಯ ಪಿಕಪ್ ಒಂದನ್ನು ಹೊಂದಿದ್ದಾರೆಂದು ಭಾವಿಸೋಣ. ಇಲ್ಲಿಯ ಮತ್ತು ಮುಂದಿನ ಮೊತ್ತಗಳು ವಿವರಣೆಗಾಗಿ ಮಾತ್ರ. ಹೊರೆ ತುಂಬಿದಾಗ ಎಳೆತ ಕುಗ್ಗುತ್ತದೆ, ಶಾಖದ ಮುಳ್ಳು ಮೇಲೇರುತ್ತದೆ ಎಂಬುದು ಚಾಲಕನ ದೂರು. ಮೊದಲು ಡೀಸೆಲ್ ಪಂಪ್ ಬಿಚ್ಚಿ ಸರ್ವಿಸ್ ಮಾಡಿಸಲಾಯಿತು: 18,000 ರೂ. ಶಾಖ ತಗ್ಗಲಿಲ್ಲ. ವಾಟರ್ ಪಂಪ್ ಬದಲಾಯಿತು: 4,500 ರೂ. ಥರ್ಮೋಸ್ಟಾಟ್ ಕಿತ್ತುಹಾಕಲಾಯಿತು: 500 ರೂ. ಅಷ್ಟರಲ್ಲಿ ಅತಿಶಾಖದಿಂದ ಹೆಡ್ ಗ್ಯಾಸ್ಕೆಟ್ ಹೋಯಿತು: 16,000 ರೂ. ಒಟ್ಟು 39,000 ರೂ. ವಾಹನ ಒಂಬತ್ತು ದಿನ ನಿಂತಿತು. ದಿನಕ್ಕೆ 1,800 ರೂ. ಬಾಡಿಗೆ ವಾಹನಕ್ಕೆ ತೆತ್ತಿದ್ದು 16,200 ರೂ. ಎಲ್ಲ ಸೇರಿ 55,200 ರೂ.

ಒಂದು ತಿಂಗಳಲ್ಲಿ ಅದೇ ಗ್ಯಾಸ್ಕೆಟ್ ಮತ್ತೆ ಹೋಯಿತು. ಆಗ ರೇಡಿಯೇಟರ್ ಬಿಚ್ಚಿ ನೋಡಿದರೆ ಹೊರಗಿನ ರೆಕ್ಕೆಗಳ ನಡುವೆ ಹತ್ತಿಯ ಎಳೆ ಮತ್ತು ಎರೆಮಣ್ಣಿನ ಧೂಳು ಕಂಬಳಿಯಂತೆ ಕಟ್ಟಿಕೊಂಡಿತ್ತು. ಒಳಗಿನ ನಳಿಗೆಗಳಲ್ಲಿ ಕೊಳವೆಬಾವಿಯ ಗಡಸು ನೀರಿನ ಸುಣ್ಣದ ಪದರವಿತ್ತು. ಮೊದಲ ದಿನವೇ ಇದನ್ನು ನೋಡಿದ್ದರೆ ರೇಡಿಯೇಟರ್ ಶುದ್ಧಿಗೆ 3,500 ರೂ. ಮತ್ತು ಕೂಲೆಂಟಿಗೆ 1,500 ರೂ. ಸಾಕಾಗುತ್ತಿತ್ತು. ಮೆಕ್ಯಾನಿಕರ ಕೈಚಳಕಕ್ಕೆ ಇಲ್ಲಿ ಕೊರತೆಯಿರಲಿಲ್ಲ. ಪ್ರತಿಯೊಂದು ಕೆಲಸವೂ ತಕ್ಕಮಟ್ಟಿಗೆ ಸರಿಯಾಗಿಯೇ ನಡೆದಿತ್ತು. ಕೊರತೆಯಾದದ್ದು 'ಶಾಖ ಯಾವಾಗ ಏರುತ್ತದೆ?' ಎಂಬ ಒಂದು ಪ್ರಶ್ನೆ ಮಾತ್ರ.

ಶಾಖ: ಯಾವಾಗ ಏರುತ್ತದೆ?

ಬೇಸಿಗೆಯಲ್ಲಿ ರಾಯಚೂರಿನ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ತಂಪುಗೊಳಿಸುವ ವ್ಯವಸ್ಥೆಯ ಸಣ್ಣ ದೋಷವೂ ಈ ಪ್ರದೇಶದಲ್ಲಿ ಬೇಗ ಬಯಲಾಗುತ್ತದೆ. ಚಾಲಕನಿಂದ ಈ ವಿವರಗಳನ್ನು ಪಡೆಯಬೇಕು.

1. ಗಂಜಿನಲ್ಲಿ ಸರದಿಯಲ್ಲಿ ನಿಂತಾಗ ಶಾಖ ಏರಿ, ರಸ್ತೆಯಲ್ಲಿ ಓಡುವಾಗ ಇಳಿದರೆ ಗಾಳಿಯ ಕೊರತೆಯೆಂದು ತಿಳಿಯಬೇಕು. ಫ್ಯಾನ್ ಮತ್ತು ಅದರ ಬೆಲ್ಟನ್ನು ಮೊದಲು ಪರೀಕ್ಷಿಸಬೇಕು.

2. ನಿಂತಾಗ ಸರಿಯಿದ್ದು, ಹೊರೆಯೊಡನೆ ಓಡುವಾಗ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರುವ, ಇಲ್ಲವೆ ನೀರಿನ ಹರಿವು ಕುಂಠಿತವಾಗಿರುವ ಸಂಭವ ಹೆಚ್ಚು. 'ಅ' ಅವರ ವಾಹನದ ದೋಷ ಈ ಬಗೆಯದು.

3. ಹೊರಗೆ ಎಲ್ಲಿಯೂ ಸೋರಿಕೆಯಿಲ್ಲದೆ ನೀರು ಕಡಿಮೆಯಾಗುತ್ತಿದ್ದರೆ, ಎಂಜಿನ್ ಓಡುವಾಗ ರೇಡಿಯೇಟರ್‌ನಲ್ಲಿ ಗುಳ್ಳೆಗಳೇಳುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲುಬೆರೆಸಿದ ಚಹಾದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು. ಇಂತಹ ವಾಹನವನ್ನು ಓಡಿಸುವುದನ್ನು ಕೂಡಲೇ ನಿಲ್ಲಿಸಬೇಕು.

ಗುಳ್ಳೆಗಳ ಪರೀಕ್ಷೆಗೆ ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನಂತರ ಚಾಲೂ ಮಾಡಬೇಕು. ಬಿಸಿಯಾದ ರೇಡಿಯೇಟರ್‌ನ ಮುಚ್ಚಳ ತೆಗೆಯಲೇಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಹತ್ತಿಯ ಹಂಗಾಮಿನಲ್ಲಿ ರೇಡಿಯೇಟರ್ ರೆಕ್ಕೆಗಳನ್ನು ವಾರಕ್ಕೊಮ್ಮೆ, ಎಂಜಿನ್ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ಗಾಳಿ ಅಥವಾ ನೀರಿನಿಂದ ಶುದ್ಧಿ ಮಾಡುವುದು ಒಳ್ಳೆಯದು. ಕೂಲೆಂಟಿಗೆ ಕೊಳವೆಬಾವಿಯ ನೀರು ಬೆರೆಸದೆ ಬ್ಯಾಟರಿಗೆ ಬಳಸುವ ಶುದ್ಧ ನೀರನ್ನೇ ಬೆರೆಸಬೇಕು.

'ನಮ್ಮದು ಬಿಸಿಲ ಸೀಮೆ, ಥರ್ಮೋಸ್ಟಾಟ್ ಬೇಡ' ಎಂಬ ಮಾತು ಗ್ಯಾರೇಜುಗಳಲ್ಲಿ ರೂಢಿಯಲ್ಲಿದೆ. ಇದು ಸರಿಯಲ್ಲ. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಶಾಖಕ್ಕೆ ಬರಲು ತಡವಾಗಿ ಡೀಸೆಲ್ ವೆಚ್ಚ ಮತ್ತು ಸವಕಳಿ ಹೆಚ್ಚುತ್ತವೆ. ಕೆಲವು ಎಂಜಿನ್‌ಗಳ ರಚನೆಯಲ್ಲಿ, ಥರ್ಮೋಸ್ಟಾಟ್ ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಶಾಖ ಇನ್ನಷ್ಟು ಏರುತ್ತದೆ.

ಹೊಗೆ: ಯಾವ ಬಣ್ಣ?

ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಹೊಗೆಯ ಬಣ್ಣವೇ ಮೊದಲ ಸಾಕ್ಷ್ಯ.

ಕಪ್ಪು ಹೊಗೆ ಬಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಅಥವಾ ಡೀಸೆಲ್ ಮಿತಿಮೀರಿ ಹೋಗುತ್ತಿದೆ ಎಂದರ್ಥ. ಮೊದಲು ಏರ್ ಫಿಲ್ಟರ್ ನೋಡಬೇಕು. ಕಚ್ಚಾ ರಸ್ತೆಗಳ ಧೂಳಿನಲ್ಲಿ ಅದು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಬಹಳ ಮೊದಲೇ ಕಟ್ಟಿಕೊಳ್ಳುತ್ತದೆ. ಟರ್ಬೊ ಇರುವ ಎಂಜಿನ್ ಆಗಿದ್ದರೆ ರಬ್ಬರ್ ಪೈಪುಗಳ ಸೀಳು, ಅನಂತರ ಇಂಜೆಕ್ಟರ್‌ಗಳು. ಪಂಪಿನ ಸರದಿ ಕೊನೆಯದು.

ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಟರ್ಬೊ ಸೀಲ್ ಮೂರರಲ್ಲಿ ಯಾವುದೆಂದು ತಿಳಿಯಲು ಕಂಪ್ರೆಷನ್ ಪರೀಕ್ಷೆ ನೆರವಾಗುತ್ತದೆ. ಒಂದು ಸಿಲಿಂಡರ್‌ನ ಅಂಕಿ ಉಳಿದವಕ್ಕಿಂತ ಬಹಳ ಕಡಿಮೆ ಬಂದರೆ ದೋಷದ ಸ್ಥಳ ಸಿಕ್ಕಿತೆಂದೇ ಅರ್ಥ. ಈ ಪರೀಕ್ಷೆ ಮಾಡಿಸದೆ ಎಂಜಿನ್ ಪೂರ್ತಿ ಬಿಚ್ಚಲು ಒಪ್ಪಬಾರದು.

ಬಿಳಿ ಹೊಗೆ ಚಳಿಗಾಲದ ಬೆಳಿಗ್ಗೆ ಕೆಲ ನಿಮಿಷ ಬಂದು ನಿಂತರೆ ಚಿಂತೆಯಿಲ್ಲ. ಅದು ಪೂರ್ತಿ ಉರಿಯದ ಡೀಸೆಲ್. ಎಂಜಿನ್ ಬಿಸಿಯಾದ ನಂತರವೂ ಬರುತ್ತಿದ್ದು, ಜೊತೆಗೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಸಿಲಿಂಡರ್‌ಗೆ ನೀರು ಸೇರುತ್ತಿರುವ ಸಂಭವವಿದೆ.

ಚಾಲೂ ಆಗದಿದ್ದರೆ

ಬೆಳಿಗ್ಗೆ ವಾಹನ ಚಾಲೂ ಆಗದಿದ್ದರೆ ಕೂಡಲೇ ಹೊಸ ಬ್ಯಾಟರಿ ತರುವುದು ವಾಡಿಕೆ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಈ ವೆಚ್ಚವನ್ನು ಎಷ್ಟೋ ಬಾರಿ ತಪ್ಪಿಸುತ್ತದೆ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟಿನ ದೋಷ. ಆಗ ಹೊಸ ಬ್ಯಾಟರಿಯೂ ಒಂದೆರಡು ದಿನಗಳಲ್ಲಿ ಬರಿದಾಗುವುದು ಖಚಿತ. ಎರಡೂ ಸರಿಯಿದ್ದು ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಬ್ಯಾಟರಿ ತುದಿಗಳಲ್ಲಿ ಮತ್ತು ಚಾಸಿಗೆ ಜೋಡಿಸಿದ ಅರ್ಥ್ ಪಟ್ಟಿಯಲ್ಲಿ ತುಕ್ಕು ಹಿಡಿದಿದೆಯೇ ನೋಡಬೇಕು.

ಸ್ಟಾರ್ಟರ್ ಚುರುಕಾಗಿ ತಿರುಗಿದರೂ ಎಂಜಿನ್ ಹಿಡಿಯದಿದ್ದರೆ ಡೀಸೆಲ್ ತಲುಪುತ್ತಿಲ್ಲವೆಂದು ಭಾವಿಸಬಹುದು. ಫಿಲ್ಟರ್ ತಳದಲ್ಲಿ ನಿಂತ ನೀರು, ಪೈಪಿನಲ್ಲಿ ಸೇರಿದ ಗಾಳಿ, ಪಂಪಿಗೆ ಡೀಸೆಲ್ ಬಿಡುವ ಸೊಲೆನಾಯ್ಡ್‌ನ ತಂತಿ, ಈ ಕ್ರಮದಲ್ಲಿ ಪರೀಕ್ಷಿಸಬೇಕು. ಹೀಟರ್ ಪ್ಲಗ್ ಇರುವ ಎಂಜಿನ್‌ಗಳು ಚಳಿಯಲ್ಲಿ ಮಾತ್ರ ತಕರಾರು ಮಾಡಿದರೆ ಆ ಪ್ಲಗ್‌ಗಳನ್ನೂ ನೋಡಬೇಕು.

ಹೊರೆಯಿಂದ ಬರುವ ದೋಷಗಳು

ಹತ್ತಿ ಹಗುರ, ಆದರೆ ಎತ್ತರಕ್ಕೆ ಏರುತ್ತದೆ. ತಿರುವಿನಲ್ಲಿ ವಾಹನವನ್ನು ಒಂದು ಬದಿಗೆ ಎಳೆಯುತ್ತದೆ. ಭತ್ತ ಎತ್ತರವಿಲ್ಲ, ಆದರೆ ಭಾರ. 75 ಕೆ.ಜಿ.ಯ ಇಪ್ಪತ್ತು ಚೀಲವೆಂದರೆ 1,500 ಕೆ.ಜಿ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಉಳಿಯುವುದೇ ವಾಹನದ ಸಾಮರ್ಥ್ಯ. ಅದನ್ನು ಮೀರಿದ ಪ್ರತಿಯೊಂದು ಚೀಲದ ಬಾಡಿಗೆ ಮುಂದೆ ಗ್ಯಾರೇಜಿಗೆ ಹೋಗುತ್ತದೆ.

ಗೇರ್ ಹಾಕಿದೊಡನೆ ಅಡಿಯಲ್ಲಿ 'ಟಕ್' ಎಂಬ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರಬಹುದು. ಎಂಜಿನ್ ವೇಗ ಏರಿದರೂ ವಾಹನದ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ವಾಹನ ಸಮತಟ್ಟಾದ ನೆಲದ ಮೇಲೂ ಒಂದು ಕಡೆಗೆ ವಾಲಿದ್ದರೆ ಮೆಕ್ಯಾನಿಕರು ಪಾಟಾ ಎನ್ನುವ ಲೀಫ್ ಸ್ಪ್ರಿಂಗ್, ಅದರ ನಡುವಿನ ಬೋಲ್ಟ್ ಮತ್ತು ಯು-ಬೋಲ್ಟ್‌ಗಳನ್ನು ಪರೀಕ್ಷಿಸಬೇಕು.

ಟೈರಿನ ಸವಕಳಿ ಸ್ವತಃ ಒಂದು ವರದಿ. ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಚಕ್ರಗಳ ಜೋಡಣೆಯ ದೋಷ. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿಲ್ಲ. ಕಾರಣ ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಬ್ರೇಕ್: ಇಲ್ಲಿ ಲೆಕ್ಕಾಚಾರ ಸಲ್ಲದು

ಮೇಲಿನ ದೋಷಗಳು ಹಣದ ನಷ್ಟ ತರುತ್ತವೆ. ಬ್ರೇಕ್ ಮತ್ತು ಸ್ಟೀರಿಂಗ್ ದೋಷಗಳು ಜೀವಹಾನಿ ತರುತ್ತವೆ. 'ಈ ಹಂಗಾಮು ಮುಗಿಯಲಿ' ಎಂದು ಮುಂದೂಡುವ ಅಧಿಕಾರ ಮಾಲೀಕರಿಗೆ ಇಲ್ಲಿ ಇರಬಾರದು.

ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿದೆ. ಕಾಲು ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗಿಳಿದರೆ, ಹೊರಗೆ ಸೋರಿಕೆ ಕಾಣದಿದ್ದಲ್ಲಿ, ಮಾಸ್ಟರ್ ಸಿಲಿಂಡರ್ ದೋಷ. ಬ್ರೇಕ್ ಹಾಕಿದಾಗ ವಾಹನ ಒಂದು ಬದಿಗೆ ಎಳೆದರೆ ಆ ಬದಿಯಲ್ಲಿ ಹಿಡಿತ ಹೆಚ್ಚಾಗಿದೆ ಅಥವಾ ಎದುರು ಬದಿಯಲ್ಲಿ ಕಡಿಮೆಯಾಗಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರ್ ಪರೀಕ್ಷಿಸಬೇಕು. ಎಂಜಿನ್ ನಿಲ್ಲಿಸಿ ನಾಲ್ಕೈದು ಬಾರಿ ಪೆಡಲ್ ಒತ್ತಿ, ಕೊನೆಗೆ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಇಳಿಯದಿದ್ದರೆ ಬೂಸ್ಟರ್, ಅದರ ಪೈಪ್ ಅಥವಾ ವ್ಯಾಕ್ಯೂಮ್ ಪಂಪಿನಲ್ಲಿ ದೋಷವಿದೆ. ಅನೇಕ ಡೀಸೆಲ್ ಪಿಕಪ್‌ಗಳಲ್ಲಿ ಈ ಪಂಪ್ ಆಲ್ಟರ್ನೇಟರ್ ಹಿಂಬದಿಯಲ್ಲಿಯೇ ಇರುವುದರಿಂದ ಆ ಬೆಲ್ಟ್ ಕಡಿದರೆ ಚಾರ್ಜ್ ಮಾತ್ರವಲ್ಲ, ಬ್ರೇಕಿನ ನೆರವೂ ತಪ್ಪುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ; ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಹತ್ತಿ ಬಿಡಿಸುವ ಕೂಲಿಕಾರ್ಮಿಕರನ್ನು ಇದೇ ವಾಹನಗಳಲ್ಲಿ ಕರೆದೊಯ್ಯುವ ಪದ್ಧತಿ ಇದೆ. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋಗುವವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರ ಡಿಸೆಂಬರ್‌ನಲ್ಲಿಯೇ ತೀರ್ಪು ನೀಡಿದೆ. ಅಪಘಾತವಾದರೆ ಪರಿಹಾರದ ಭಾರ ಮಾಲೀಕರ ಮೇಲೆ ಬೀಳಬಹುದು. ಒಂದು ಕುಟುಂಬದ ದುಡಿಯುವ ಕೈ ಹೋದದ್ದಕ್ಕೆ ಯಾವ ಪರಿಹಾರವೂ ಸಾಲದು. ಸರಕು ವಾಹನದಲ್ಲಿ ಜನರನ್ನು ಕೂರಿಸದಿರುವುದೊಂದೇ ಸರಿಯಾದ ಮಾರ್ಗ.

ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ನವೀಕರಣವಾಗಬೇಕು. 15 ವರ್ಷ ದಾಟಿದ ವಾಹನಗಳ ಶುಲ್ಕ 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಏರಿತು. ಪತ್ರದ ಅವಧಿ ಮುಗಿದ ವಾಹನದ ವಿಮಾ ಕ್ಲೇಮಿಗೆ ಆಕ್ಷೇಪ ಬರುವ ಸಂಭವವೂ ಇದೆ.

ವಾಹನಕ್ಕೊಂದು ಖಾತೆ

ಇಷ್ಟೆಲ್ಲ ಪರೀಕ್ಷೆಗಳು ಉಪಯೋಗಕ್ಕೆ ಬರಬೇಕಾದರೆ ಪ್ರತಿ ವಾಹನಕ್ಕೂ ಒಂದು ನೋಟ್‌ಬುಕ್ ಇರಬೇಕು. ಏಳು ಅಂಕಣಗಳು ಸಾಕು: ದಿನಾಂಕ, ಕಿ.ಮೀ. ಅಂಕಿ, ಚಾಲಕನ ದೂರು, ಪತ್ತೆಯಾದ ಕಾರಣ, ಮಾಡಿದ ಕೆಲಸ, ವೆಚ್ಚ, ವಾಹನ ನಿಂತ ದಿನಗಳು. ಇವುಗಳಲ್ಲಿ ನಾಲ್ಕನೆಯದು ಮುಖ್ಯ. ಅದು ಖಾಲಿಯಿದ್ದರೆ ಆ ಬಿಲ್ಲು ಅಪೂರ್ಣವೆಂದೇ ತಿಳಿಯಬೇಕು. ಬದಲಿಸಿದ ಹಳೆಯ ಭಾಗವನ್ನು ಮರಳಿ ಪಡೆದು ನೋಡುವುದೂ ಒಳ್ಳೆಯ ಅಭ್ಯಾಸ. ಡೀಸೆಲ್ ತುಂಬಿಸಿದಾಗಲೆಲ್ಲ ಲೀಟರ್ ಮತ್ತು ಕಿ.ಮೀ. ಬರೆದಿಟ್ಟರೆ, ಲೀಟರಿಗೆ ಓಡುವ ದೂರ ಕುಸಿಯುತ್ತಿರುವುದು ಹೊಗೆ ಕಾಣುವ ಮೊದಲೇ ತಿಳಿಯುತ್ತದೆ.

ಉಳಿಸಿಕೊಳ್ಳುವುದೋ, ಮಾರುವುದೋ?

ಎಂಜಿನ್ ಪೂರ್ತಿ ದುರಸ್ತಿಗೆ 75,000 ರೂ. ಬೇಕೆಂದಾಗ ಈ ಪ್ರಶ್ನೆ ಏಳುತ್ತದೆ. ಈವರೆಗೆ ಎಷ್ಟು ಸುರಿದಿದ್ದೇವೆ ಎಂಬುದು ಈ ನಿರ್ಧಾರಕ್ಕೆ ಸಂಬಂಧಿಸಿದ್ದಲ್ಲ. ಆ ಹಣ ಹೋಯಿತು. ಮುಂದೆ ಆಗುವ ವೆಚ್ಚಗಳನ್ನು ಮಾತ್ರ ಹೋಲಿಸಬೇಕು. ಎರಡೂ ವಾಹನಗಳಿಗೆ ಸಮಾನವಾದ ವೆಚ್ಚಗಳನ್ನು ಬಿಟ್ಟು, ವರ್ಷಕ್ಕೆ 20,000 ಕಿ.ಮೀ. ಓಟಕ್ಕೆ ಒಂದು ಮಾದರಿ ಲೆಕ್ಕ ಹೀಗಿದೆ.

ಹಳೆಯ ವಾಹನ: ಎಂಜಿನ್ ದುರಸ್ತಿಯನ್ನು ಮೂರು ವರ್ಷಕ್ಕೆ ಹಂಚಿದರೆ 25,000, ಇತರ ದುರಸ್ತಿ 40,000, ಹೊಸದು ಲೀಟರಿಗೆ 14 ಕಿ.ಮೀ., ಹಳೆಯದು 11 ಕಿ.ಮೀ. ಓಡಿದರೆ ಹೆಚ್ಚುವರಿ ಡೀಸೆಲ್ ಸುಮಾರು 389 ಲೀಟರ್, ಲೀಟರಿಗೆ 90 ರೂ.ನಂತೆ ಸುಮಾರು 35,000. ನಿಂತ 12 ದಿನಗಳಿಗೆ 21,600. ಒಟ್ಟು 1,21,600 ರೂ.

ಹೊಸ ವಾಹನ: 9,50,000 ರೂ.ಗೆ ಕೊಂಡು ಐದು ವರ್ಷದ ನಂತರ 4,50,000 ರೂ.ಗೆ ಮಾರಿದರೆ ಮೌಲ್ಯದ ಇಳಿತ ವರ್ಷಕ್ಕೆ 1,00,000, 8,00,000 ರೂ. ಸಾಲಕ್ಕೆ ಶೇ. 10ರ ದರದಲ್ಲಿ ಐದು ವರ್ಷದ ಬಡ್ಡಿಯ ಸರಾಸರಿ ವರ್ಷಕ್ಕೆ ಸುಮಾರು 44,000. ಸಾಮಾನ್ಯ ನಿರ್ವಹಣೆ 15,000. ಒಟ್ಟು 1,59,000 ರೂ.

ಇಲ್ಲಿ ಹಳೆಯದನ್ನು ಉಳಿಸಿಕೊಳ್ಳುವುದೇ ಲೇಸು. ಆದರೆ ಓಟ ವರ್ಷಕ್ಕೆ 40,000 ಕಿ.ಮೀ. ಆದರೆ ಚಿತ್ರ ತಿರುಗುತ್ತದೆ. ಹಳೆಯ ವಾಹನದ ಮೇಲಿನ ನಾಲ್ಕು ಬಾಬುಗಳೂ ಇಮ್ಮಡಿಯಾಗಿ ಮೊತ್ತ 2,43,200 ರೂ. ತಲುಪುತ್ತದೆ. ಹೊಸದರಲ್ಲಿ ಬಡ್ಡಿ ಬದಲಾಗುವುದಿಲ್ಲ; ಮೌಲ್ಯದ ಇಳಿತ 1,20,000, ನಿರ್ವಹಣೆ 30,000 ಎಂದಿಟ್ಟುಕೊಂಡರೂ ಒಟ್ಟು 1,94,000 ರೂ. ಮಾತ್ರ. ಹೀಗೆ ನಿರ್ಧಾರ ವಾಹನದ ವಯಸ್ಸಿಗಿಂತ ಅದರ ಓಟವನ್ನು ಅವಲಂಬಿಸಿದೆ. ಓಟ ಬರೆದಿಡದವರಿಗೆ ಈ ಲೆಕ್ಕ ಸಾಧ್ಯವೇ ಇಲ್ಲ. ಚಾಸಿಯಲ್ಲಿ ಬಿರುಕು ಅಥವಾ ಆಳವಾದ ತುಕ್ಕು ಕಂಡ ವಾಹನಕ್ಕೆ ಮಾತ್ರ ಈ ಹೋಲಿಕೆ ಅನ್ವಯಿಸದು. ಅದನ್ನು ರಸ್ತೆಯಿಂದ ತೆಗೆಯಬೇಕು.

ತೆರಿಗೆಯ ಅಂಶಗಳು

1. ವಾಹನವನ್ನು ಹಿಂದಿನ ಸ್ಥಿತಿಗೆ ತರುವ ದುರಸ್ತಿ ರಾಜಸ್ವ ವೆಚ್ಚ; ಅದೇ ವರ್ಷದ ಲಾಭದಿಂದ ಕಳೆಯಬಹುದು. ಹೊಸ ಸಾಮರ್ಥ್ಯ ಕೂಡಿಸುವ ವೆಚ್ಚ ಬಂಡವಾಳ ವೆಚ್ಚ. ಸವಕಳಿ ದರ ಸ್ವಂತ ವ್ಯಾಪಾರದ ವಾಹನಕ್ಕೆ ಶೇ. 15, ಬಾಡಿಗೆಗೆ ಓಡಿಸುವ ಸರಕು ವಾಹನಕ್ಕೆ ಶೇ. 30.

2. ಹತ್ತು ಅಥವಾ ಕಡಿಮೆ ಸರಕು ವಾಹನಗಳನ್ನು ಬಾಡಿಗೆಗೆ ಓಡಿಸುವವರು ಇಂತಹ ಹಗುರ ವಾಹನಕ್ಕೆ ತಿಂಗಳಿಗೆ 7,500 ರೂ.ನಂತೆ ಅಂದಾಜು ಆದಾಯ ಘೋಷಿಸಿದರೆ ದುರಸ್ತಿ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯಲಾಗದು.

3. ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಸಾಮಾನ್ಯವಾಗಿ ಆ ವೆಚ್ಚ ಮಾನ್ಯವಾಗದು. ಗ್ಯಾರೇಜ್ ಬಿಲ್ಲನ್ನು ಬ್ಯಾಂಕ್ ಮೂಲಕವೇ ಸಂದಾಯ ಮಾಡಬೇಕು.

4. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಜಿಎಸ್‌ಟಿ ದರ ಏಕರೂಪವಾಗಿ ಶೇ. 18 ಆಗಿದೆ. ಸರಕು ವಾಹನದ ದುರಸ್ತಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಇರಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ. ಕರಮುಕ್ತ ಸರಕಿನ ವ್ಯವಹಾರವೂ ಇದ್ದರೆ ಆ ಪ್ರಮಾಣದಲ್ಲಿ ಜಮೆ ಕಡಿತವಾಗುತ್ತದೆ.

5. ಕೊಂಡಾಗ ತೆರಿಗೆ ಜಮೆ ಪಡೆಯದ ಹಳೆಯ ವಾಹನವನ್ನು ನೋಂದಾಯಿತ ವರ್ತಕರು ಮಾರಿದಾಗ, ಆದಾಯ ತೆರಿಗೆಯ ಸವಕಳಿ ಕಳೆದು ಉಳಿದ ಮೌಲ್ಯಕ್ಕಿಂತ ಹೆಚ್ಚು ಬಂದ ಮೊತ್ತದ ಮೇಲೆ ಮಾತ್ರ ಶೇ. 18 ಜಿಎಸ್‌ಟಿ ಸಲ್ಲುತ್ತದೆ. ಹೆಚ್ಚು ಬಾರದಿದ್ದರೆ ತೆರಿಗೆ ಇಲ್ಲ.

ಹತ್ತಿಯ ಹಂಗಾಮು ಆರಂಭವಾಗುವ ಮುನ್ನ ವರ್ತಕರು ಗೋದಾಮಿನ ದಾಸ್ತಾನು ಪರಿಶೀಲಿಸುವುದು ರೂಢಿ. ಅದೇ ವೇಳೆ ವಾಹನದ ರೇಡಿಯೇಟರ್, ಬ್ರೇಕ್, ಬೆಲ್ಟ್, ಟೈರ್ ಮತ್ತು ಬ್ಯಾಟರಿಯನ್ನು ಪರಿಶೀಲಿಸಲು ಅರ್ಧ ದಿನ ಸಾಕು. ಗ್ಯಾರೇಜಿಗೆ ಹೋದಾಗ 'ಏನು ಬದಲಿಸಬೇಕು?' ಎಂದು ಕೇಳುವ ಬದಲು 'ಕಾರಣವೇನು, ಅದು ತಿಳಿದದ್ದು ಹೇಗೆ?' ಎಂದು ಕೇಳುವ ಅಭ್ಯಾಸ ಬೆಳೆದರೆ, ದುರಸ್ತಿಯ ಹಣಕ್ಕೂ ಅಂಗಡಿಯ ಹಣದಷ್ಟೇ ಲೆಕ್ಕ ಸಿಗುತ್ತದೆ.